ಅಮರರ ಕಾಗುಣಿತ

ಫ್ರೆಂಚ್ ತರಗತಿಗೆ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವ ವಾಕ್ಯ ‘ಜ ಮಾಪೆಲ್’. ನನ್ನ ಹೆಸರು ಇಂಥದ್ದು ಅಂತ. ಫೀಸು ಕಟ್ಟಿದ ಉತ್ಸಾಹದಲ್ಲಿ ಹೊಸ ನೋಟ್‌ಬುಕ್ಕಿನಲ್ಲಿ ಅದನ್ನು ದುಂಡಗೆ ಬರೆದುಕೊಂಡು ಹೋಗುತ್ತಾರೆ. ಕ್ರಿಯಾಪದದ ಮೂಲರೂಪ ‘ಆಪ್ಲೇ’ (ಅಂದರೆ ಕರೆಯುವುದು), ಅದರಲ್ಲಿರುವುದು ಒಂದೇ ಎಲ್ ಅನ್ನುವುದು ಗೊತ್ತಾಗುವುದು ಆಮೇಲೆ. ವರ್ತಮಾನಕಾಲದಲ್ಲಿ ನಾನು ಕರೆದರೆ ಎರಡು ಎಲ್. ನೀನು, ಅವನು, ಅವರು ಕರೆದರೂ ಎರಡು. ನಾವು ಕರೆದರೆ ಒಂದು, ತಾವು ಕರೆದರೂ ಒಂದು.

ಇಂಗ್ಲಿಷ್ ಮೂಲಕ ಫ್ರೆಂಚ್ ಕಲಿಸುವವರು ಇದಕ್ಕೊಂದು ಬೂಟಿನ ಚಿತ್ರ ಬರೆಯುತ್ತಾರೆ. ಏಕವಚನ ಎಡಕ್ಕೆ, ಬಹುವಚನ ಬಲಕ್ಕೆ ಬರೆದು, ಬದಲಾಗುವ ನಾಲ್ಕು ರೂಪಗಳ ಸುತ್ತ ಗೆರೆ ಎಳೆದರೆ ಬೂಟು ಮೂಡುತ್ತದೆ. ‘ನಾವು’, ‘ನೀವು’ ಎಂಬ ಇಬ್ಬರು ಮರ್ಯಾದಸ್ಥರು ಬೂಟಿನ ಆಚೆ. ಮಿಕ್ಕ ನಾಲ್ವರು ಒಳಗೆ, ಉಸಿರು ಕಟ್ಟಿಕೊಂಡು.

ಕನ್ನಡದವರಿಗೆ ಇಲ್ಲೊಂದು ವಿಶೇಷ ಸಂಕಟವಿದೆ. ನಮ್ಮಲ್ಲಿ ಒತ್ತು ಬರೆದರೆ ಒತ್ತಿ ಹೇಳಲೇಬೇಕು. ಹೇಳದಿದ್ದರೆ ಹಳ್ಳಿ ಹೋಗಿ ಹಳಿ ಆಗುತ್ತದೆ. ಫ್ರೆಂಚರಲ್ಲಿ ಎರಡು ಎಲ್ ಬರೆದು ಒಂದೇ ಎಲ್ ಹೇಳಬೇಕು. ಹಾಗಾದರೆ ಎರಡನೆಯದು ಯಾಕೆ? ಅದರ ಹಿಂದಿರುವ ‘ಇ’ ಅಕ್ಷರವನ್ನು ನುಂಗಬೇಡ, ಬಾಯಿ ತೆರೆದು ‘ಎ’ ಅನ್ನು ಎಂದು ಹೇಳುವುದಕ್ಕೆ. ಅಂದರೆ ಒಂದು ಅಕ್ಷರದ ಉಚ್ಚಾರ ತಿಳಿಸಲು ಇನ್ನೊಂದು ಅಕ್ಷರದ ನೇಮಕ. ನೇಮಕವಾದವರಿಗೆ ಸ್ವಂತ ಕೆಲಸ ಇಲ್ಲ. ಸರ್ಕಾರಿ ಕಚೇರಿ ಕಂಡವರಿಗೆ ಇದೇನು ಹೊಸದಲ್ಲ ಬಿಡಿ.

ಅದನ್ನೂ ಒಪ್ಪಿಕೊಳ್ಳೋಣ. ಆದರೆ ಇದೇ ಕಾಯಿಲೆಗೆ ಇನ್ನೊಂದು ಔಷಧವೂ ಇದೆ: ‘ಇ’ ನೆತ್ತಿಯ ಮೇಲೆ ಒಂದು ಓರೆಗೆರೆ. ಕರೆಯುವ ‘ಆಪ್ಲೇ’ಗೂ ಎಸೆಯುವ ‘ಜತೇ’ಗೂ ಜೋಡಿ ವ್ಯಂಜನ, ಕೊಳ್ಳುವ ‘ಆಶ್ತೇ’ಗೂ ಹೆಪ್ಪುಗಟ್ಟುವ ‘ಜಲೇ’ಗೂ ಓರೆಗೆರೆ. ಕೊಂಡವನಿಗೆ ಒಂದು ಶಾಸ್ತ್ರ, ಕೊಂಡದ್ದನ್ನು ಬಿಸಾಡಿದವನಿಗೆ ಇನ್ನೊಂದು. ಯಾವುದಕ್ಕೆ ಯಾವುದು ಅಂತ ಕಿವಿಯಿಂದ ತಿಳಿಯುವ ದಾರಿಯೇ ಇಲ್ಲ. ಬಾಯಿಪಾಠ ಮಾಡಬೇಕು, ಅಷ್ಟೆ.

ಇಷ್ಟಪಡುವ ‘ಪ್ರೆಫೆರೇ’ ಕತೆ ಬೇರೆ. ಅದರ ನಡುವಿನ ‘ಇ’ಗೆ ಮೊದಲೇ ಗೆರೆ ಇದೆ, ಆದರೆ ಬಲಕ್ಕೆ ಏರಿದ್ದು. ಬೂಟಿನೊಳಗೆ ಬಂದ ಕೂಡಲೇ ಅದು ಎಡಕ್ಕೆ ತಿರುಗಬೇಕು, ನಮ್ಮ ಶಾಸಕರ ಹಾಗೆ. ಇನ್ನು ‘ವೈ’ ಅಕ್ಷರದವರು. ಹಣ ಕೊಡುವ ‘ಪೇಯೇ’ಯಲ್ಲಿ ವೈ ಉಳಿಸಿದರೂ ಸರಿ, ಐ ಹಾಕಿದರೂ ಸರಿ. ಶುಚಿ ಮಾಡುವ ‘ನೆತ್ವಾಯೇ’ಯಲ್ಲಿ ವೈ ತೆಗೆದು ಐ ಹಾಕಲೇಬೇಕು. ದುಡ್ಡಿದ್ದವನಿಗೆ ಆಯ್ಕೆ, ಗುಡಿಸುವವನಿಗೆ ನಿಯಮ. ವ್ಯಾಕರಣದಲ್ಲೂ ಇಷ್ಟು ಸಮಾಜಶಾಸ್ತ್ರ ಬೇಕಿತ್ತೇ?

ಎಲ್ಲವೂ ಉಚ್ಚಾರ ಕಾಪಾಡುವುದಕ್ಕೆ ಅನ್ನುತ್ತಾರೆ. ತಿನ್ನುವ ‘ಮಾಂಜೇ’ ನೋಡಿ. ‘ನಾವು ತಿನ್ನುತ್ತೇವೆ’ ಎನ್ನುವಾಗ ಜಿ ಪಕ್ಕಕ್ಕೆ ಓ ಬಂದು ‘ಮಾಂಗೋಂ’ ಆಗಿಬಿಡುತ್ತದೆ ಎಂಬ ಭಯಕ್ಕೆ ನಡುವೆ ಒಂದು ಮೂಕ ‘ಇ’ ತುರುಕುತ್ತಾರೆ. ಆರಂಭಿಸುವ ‘ಕೊಮಾಂಸೇ’ಯಲ್ಲಿ ಸಿ ‘ಕ’ ಆಗದಿರಲಿ ಅಂತ ಅದರ ಕಾಲಡಿಗೆ ‘ಸೆದಿಯ್’ ಎಂಬ ಕೊಕ್ಕೆ ಸಿಕ್ಕಿಸುತ್ತಾರೆ. ಕಿವಿಯ ಮೇಲೆ ಎಷ್ಟೊಂದು ಕಾಳಜಿ! ಇದೇ ಮಹನೀಯರು ‘ಅವರು ತಿನ್ನುತ್ತಾರೆ’ ಎಂಬುದರ ಕೊನೆಗೆ ಇ, ಎನ್, ಟಿ ಎಂದು ಮೂರು ಅಕ್ಷರ ಬರೆದು ಮೂರನ್ನೂ ಉಚ್ಚರಿಸುವುದಿಲ್ಲ. ಅವನು ತಿಂದರೂ ಅವರೆಲ್ಲ ತಿಂದರೂ ಕಿವಿಗೆ ಒಂದೇ ‘ಮಾಂಜ್’.

ಕಳಶಪ್ರಾಯವಾದದ್ದು ‘ಎಪ್ಲೇ’. ಅರ್ಥ, ಅಕ್ಷರ ಬಿಡಿಸಿ ಹೇಳುವುದು. ಅದರ ಸ್ಪೆಲ್ಲಿಂಗೇ ಬದಲಾಗುತ್ತದೆ. ಹಳೆಯ ಪದ್ಧತಿಯಂತೆ ಎರಡು ಎಲ್, 1990ರ ತಿದ್ದುಪಡಿಯಂತೆ ಒಂದು ಎಲ್ ಮತ್ತು ಓರೆಗೆರೆ. ಅಕ್ಷರ ಬಿಡಿಸಿ ಹೇಳುತ್ತೇನೆ ಎಂದು ಬರೆಯಲು ಹೊರಟವನಿಗೆ, ಯಾವ ಶತಮಾನದ ಪ್ರಕಾರ ಎಂಬ ಪ್ರಶ್ನೆ.

ಆ ತಿದ್ದುಪಡಿಯ ಕತೆ ಕೇಳುವಂಥದ್ದು. ಫ್ರಾನ್ಸಿನಲ್ಲಿ ಭಾಷೆ ಕಾಯಲು ಮಂತ್ರಿ ರಿಶೆಲ್ಯೂ 1635ರಲ್ಲಿ ಅಕಾಡೆಮಿ ಕಟ್ಟಿದ. ನಲವತ್ತು ಜನ ಸದಸ್ಯರು, ಬಿರುದು ‘ಅಮರರು’. 1935ರಲ್ಲಿ ಮುಗಿದ ಎಂಟನೆಯ ಆವೃತ್ತಿಯ ನಿಘಂಟಿನ ನಂತರ ಒಂಬತ್ತನೆಯದು ಮುಗಿದದ್ದು 2024ರಲ್ಲಿ. ಅಮರರಿಗೆ ಯಾತರ ಅವಸರ? 1990ರ ಡಿಸೆಂಬರ್ 6ರಂದು ಸರ್ಕಾರಿ ಗೆಜೆಟ್ಟಿನಲ್ಲಿ ಕಾಗುಣಿತ ತಿದ್ದುಪಡಿ ಬಂತು: ‘ಆಪ್ಲೇ’, ‘ಜತೇ’ ಮತ್ತು ಅವುಗಳ ಮನೆತನ ಬಿಟ್ಟು ಆ ಜಾತಿಯ ಮಿಕ್ಕ ಎಲ್ಲಕ್ಕೂ ಓರೆಗೆರೆ. ಒಳ್ಳೆಯ ಕೆಲಸ. ಅಕಾಡೆಮಿ ಮೊದಲು ಒಪ್ಪಿಗೆ ಕೊಟ್ಟಿತು, ಗಲಾಟೆ ಎದ್ದ ಮೇಲೆ ಕಾಲವೇ ತೀರ್ಮಾನಿಸಲಿ ಎಂದಿತು. ಹಳೆಯದೂ ತಪ್ಪಲ್ಲ, ಹೊಸದೂ ತಪ್ಪಲ್ಲ. ಗೊಂದಲ ಕಡಿಮೆ ಮಾಡಲು ಹೊರಟವರು ಅದಕ್ಕೊಂದು ಜೋಡಿ ಹುಡುಕಿಕೊಟ್ಟರು. 2016ರಲ್ಲಿ ಪಠ್ಯಪುಸ್ತಕದವರು ಹೊಸ ಕಾಗುಣಿತ ಹಾಕುತ್ತಾರೆಂದು ಸುದ್ದಿಯಾದಾಗ ದೇಶಕ್ಕೆ ದೇಶವೇ ಕೆರಳಿತು. ಗೆಜೆಟ್ ಓದಲು ಕಾಲು ಶತಮಾನ ತೆಗೆದುಕೊಂಡವರ ಸಿಟ್ಟು ಅದು.

ಈ ಭಾಷೆಯನ್ನು ಬೆಂಗಳೂರಿನ ಮಕ್ಕಳು ಪಿಯುಸಿಯಲ್ಲಿ ‘ಸ್ಕೋರಿಂಗ್’ ಅಂತ ತೆಗೆದುಕೊಳ್ಳುತ್ತಾರೆ. ಕನ್ನಡ ಕಷ್ಟವಂತೆ, ಒತ್ತಕ್ಷರ ತಪ್ಪಾಗುತ್ತದಂತೆ. ಬರೆದದ್ದನ್ನೆಲ್ಲ ಓದುವ ಭಾಷೆ ಬಿಟ್ಟು, ಬರೆದದ್ದರಲ್ಲಿ ಯಾವುದನ್ನು ಓದಬಾರದು ಎಂದು ಕಲಿಸುವ ಭಾಷೆಗೆ ಟ್ಯೂಷನ್ ಫೀಸು ಕಟ್ಟುವ ಅಪ್ಪ-ಅಮ್ಮಂದಿರ ತಾಳ್ಮೆ ದೊಡ್ಡದು.

ಹೇಗೂ ಕಲಿಯಲು ಹೊರಟವರಿಗೆ ಒಂದು ಮಾತು: ‘ಆಪ್ಲೇ’, ‘ಜತೇ’ ಮನೆತನಕ್ಕೆ ಮಾತ್ರ ವ್ಯಂಜನ ಜೋಡಿ ಮಾಡಿ, ಅವುಗಳ ಸಾಲಿನ ಮಿಕ್ಕವಕ್ಕೆ ಓರೆಗೆರೆ ಎಳೆದು ಮುಂದೆ ಹೋಗಿ. ಮೇಷ್ಟ್ರು ಕೆಂಪು ಪೆನ್ನು ತೆಗೆದರೆ 1990ರ ಗೆಜೆಟ್ ತೋರಿಸಿ.