ಜಲನಿಧಿ ಯಂತ್ರ ಮೀಮಾಂಸೆ

ವಿಜಯನಗರ ಕಾಲದ ದಾನಶಾಸನಗಳಲ್ಲಿ ಊರೊಂದನ್ನು ದತ್ತಿ ಬಿಡುವಾಗ, ಪಡೆದವನಿಗೆ ಎಂಟು ಬಗೆಯ ಭೋಗಗಳನ್ನು ಎಣಿಸಿ ಕೊಡುವ ವಾಡಿಕೆಯಿತ್ತು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇವುಗಳಲ್ಲಿ ಮೊದಲ ನಾಲ್ಕನ್ನು ಒಂದೇ ಬೆಳಗಿನಲ್ಲಿ ಅನುಭವಿಸುವ ಜೀವಿಯೊಂದು ಮುಂದೆ ಹುಟ್ಟೀತೆಂದು ಶಾಸನ ಬರೆದ ಸೇನಬೋವನಿಗೆ ಹೊಳೆದಿರಲಾರದು. ಅಮೆರಿಕದ ಫ್ಲಾರಿಡಾದಲ್ಲಿ ತಲೆಗೆ ಹೆಡ್‌ಫೋನ್ ಏರಿಸಿ, ಸೊಂಟದ ತನಕ ಕಡಲಲ್ಲಿ ನಿಂತು, ತುದಿಗೆ ತಟ್ಟೆ ಕಟ್ಟಿದ ಕೋಲನ್ನು ಅತ್ತಿತ್ತ ಬೀಸುವವನೇ ಆ ಜೀವಿ. ಅವನು ಬಂದಿರುವುದು ನಿಧಿಗೆ. ಸಿಕ್ಕರೆ ಸಿಗುವುದು ಇನ್ಯಾರದೋ ನಿಕ್ಷೇಪ. ಜಲಕ್ಕೆ ಕೊರತೆಯಿಲ್ಲ. ಸಲಿಕೆಗೆ ಬರುವುದು ಬಹುಪಾಲು ಪಾಷಾಣ. ಆಗಾಮಿ, ಅಂದರೆ ಮುಂದೆ ಬರಲಿರುವುದು, ಅದನ್ನು ನಂಬಿಯೇ ಅವನು ಯಂತ್ರ ಕೊಂಡದ್ದು. ಈ ಗ್ರಂಥದ ವಿಷಯ ಆ ಯಂತ್ರ, ಅಂದರೆ ನೀರಿಗಿಳಿಯುವ ಲೋಹಶೋಧಕ.

ಗ್ರಂಥವೆಂದ ಮೇಲೆ ವಂಶಾವಳಿ ಹೇಳದೆ ಗತಿಯಿಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡು ತಗುಲಿದಾಗ, ಅದು ಮೈಯೊಳಗೆ ಎಲ್ಲಿ ಅಡಗಿದೆಯೆಂದು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಒಂದು ಸಲಕರಣೆ ಕಟ್ಟಿಕೊಂಡು ಬಂದ. ಗುಂಡು ಸಿಗಲಿಲ್ಲ. ಹಾಸಿಗೆಯ ಅಡಿಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳು ದಾರಿ ತಪ್ಪಿಸಿದವೆಂದು ಆಮೇಲೆ ಮಾತಾಯಿತು. ಬೇಡದ ಲೋಹಕ್ಕೆ ಕೂಗಿಕೊಳ್ಳುವುದು ಈ ಕುಲದ ಹುಟ್ಟುಗುಣವೆಂಬುದಕ್ಕೆ ಇದೇ ಆದಿಪ್ರಮಾಣ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಸೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬು ಶೋಧಕ 1942ರಲ್ಲಿ ಎಲ್ ಅಲಮೇನ್ ಮರಳಿನಲ್ಲಿ ದುಡಿಯಿತು. ಯುದ್ಧ ಮುಗಿದ ಮೇಲೆ ಸೇನೆ ಮಾರಿಬಿಟ್ಟ ಇಂಥದೇ ಒಂದು ಯಂತ್ರ ಹಿಡಿದು ಫ್ಲಾರಿಡಾದ ಸೆಬಾಸ್ಟಿಯನ್ ಬಳಿಯ ದಂಡೆಯಲ್ಲಿ ಅಲೆದವನು ಕಿಪ್ ವ್ಯಾಗ್ನರ್. ಅವನಿಗೆ ಸಿಕ್ಕ ಸ್ಪೇನಿನ ನಾಣ್ಯಗಳಲ್ಲಿ ಒಂದರ ಮೇಲೂ 1715ರ ನಂತರದ ಇಸವಿ ಇರಲಿಲ್ಲ. ಆ ವರ್ಷದ ಜುಲೈ 31ರ ಚಂಡಮಾರುತಕ್ಕೆ ಸಿಕ್ಕಿ, ಹವಾನಾದಿಂದ ಸ್ಪೇನಿಗೆ ಹೊರಟಿದ್ದ 11 ಹಡಗುಗಳು ಅದೇ ತೀರದಲ್ಲಿ ಒಡೆದು ಮುಳುಗಿದ್ದವು. ಆ ತೀರಕ್ಕೆ ಇಂದಿಗೂ ನಿಧಿ ಕರಾವಳಿ ಎಂದೇ ಹೆಸರು. ದೊಡ್ಡ ಬಿರುಗಾಳಿ ಬಂದು ಅಲೆಗಳು ಮರಳ ದಿಬ್ಬವನ್ನು ಕಡಿದು ಮೆಟ್ಟಿಲು ಮಾಡಿದ ಮರುದಿನ ಅಲ್ಲಿ ಕೋಲು ಹಿಡಿದವರ ಜಾತ್ರೆ.

ಇನ್ನು ಭೇದಗಳು. ಅಂಗಡಿಯವರು ವಾಟರ್‌ಪ್ರೂಫ್ ಎಂಬ ಒಂದೇ ಮಾತಿನಲ್ಲಿ ನಾಲ್ಕು ಜಾತಿಗಳನ್ನು ಕಲಸಿಬಿಡುತ್ತಾರೆ. ಮೊದಲನೆಯದು ಪಾದಸ್ನಾಯಿ. ಗ್ಯಾರೆಟ್ ಏಸ್ ಬಳಗ ಈ ಜಾತಿಗೆ ಸೇರಿದ್ದು. ತುದಿಯ ತಟ್ಟೆ, ಅಂದರೆ ಕಾಯಿಲ್, ನೀರಲ್ಲಿ ಮುಳುಗಬಹುದು. ಹಿಡಿಯ ಬಳಿಯ ಪೆಟ್ಟಿಗೆಗೆ ಒಂದು ಅಲೆ ಬಡಿದರೂ ಕಥೆ ಮುಗಿಯಿತು. ಎರಡನೆಯದು ಕಂಠಸ್ನಾಯಿ. ಗ್ಯಾರೆಟ್ ಎಟಿ ಪ್ರೊ, ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್, ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಮೂರು ಮೀಟರಿನ ತನಕ ತಾಳುತ್ತವೆ. ಈಕ್ವಿನಾಕ್ಸ್ 900 ಮತ್ತು ಮ್ಯಾಂಟಿಕೋರ್ ಐದು ಮೀಟರಿನ ತನಕ. ಮೂರನೆಯದು ಅರ್ಧಮಗ್ನ, 20 ಮೀಟರಿನ ಎಕ್ಸ್‌ಪಿ ಡ್ಯೂಸ್ 2 ಇದಕ್ಕೆ ಉದಾಹರಣೆ. ನಾಲ್ಕನೆಯದು ಪೂರ್ಣಮಗ್ನ: ಮೈನ್‌ಲ್ಯಾಬ್ ಎಕ್ಸ್‌ಕ್ಯಾಲಿಬರ್ 2 ಮತ್ತು ಗ್ಯಾರೆಟ್ ಸೀ ಹಂಟರ್ 200 ಅಡಿ, ಫಿಶರ್ ಸಿಝಡ್-21 250 ಅಡಿ. ಐಪಿ 67 ಎಂದಷ್ಟೇ ಮುದ್ರೆ ಹೊತ್ತು ಬರುವವು ಈ ನಾಲ್ಕರ ನಡುವಿನ ಸಂಕರಜಾತಿ. ಆ ಅಂಕಿಯ ಅರ್ಥ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಕೆಡುವುದಿಲ್ಲ ಎಂದು. ಆ ಪರೀಕ್ಷೆ ನಡೆಯುವುದು ಅಲುಗಾಡದ ತೊಟ್ಟಿಯಲ್ಲಿ. ಅಟ್ಲಾಂಟಿಕ್ ಆ ಪರೀಕ್ಷೆಯ ನಿಯಮಾವಳಿ ಓದಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಆಳ ಹೆಚ್ಚಿದಷ್ಟೂ ನಿಧಿ ಹೆಚ್ಚು, ಆದ್ದರಿಂದ 200 ಅಡಿಯದೇ ಉತ್ತಮ ಎಂಬುದು ಅವನ ವಾದ. ಇವನು ಸಾಮಾನ್ಯವಾಗಿ ಅಂಗಡಿಯ ಕೌಂಟರಿನ ಆಚೆ ಬದಿಯಲ್ಲಿರುತ್ತಾನೆ. ಅವನಿಗೆ ಉತ್ತರ: ಹವ್ಯಾಸಿ ಮುಳುಗುಗಾರರಿಗೆ ಮೊದಲ ಪ್ರಮಾಣಪತ್ರದಲ್ಲಿ ಸಿಗುವ ಅನುಮತಿ 18 ಮೀಟರ್, ಎಲ್ಲ ಪಾಠ ಮುಗಿದ ಮೇಲೂ ಮಿತಿ 40 ಮೀಟರ್, ಅಂದರೆ 130 ಅಡಿ. ಅಲ್ಲಿಂದ ಕೆಳಗಿನ 70 ಅಡಿಯನ್ನು ಯಂತ್ರ ಒಂಟಿಯಾಗಿಯೇ ಇಳಿಯಬೇಕು. ಎರಡನೆಯ ಉತ್ತರ ಇನ್ನೂ ಸರಳ. ಉಂಗುರ ಬೆರಳಿಂದ ಜಾರುವುದೆಲ್ಲಿ? ಜನ ನಿಂತು ಆಡುವಲ್ಲಿ. ತಣ್ಣೀರಿಗೆ ಬೆರಳು ಸಣ್ಣಗಾಗುತ್ತದೆ, ಬಿಸಿಲಿಗೆಂದು ಹಚ್ಚಿಕೊಂಡ ಕ್ರೀಮು ಚರ್ಮವನ್ನು ನುಣುಪು ಮಾಡಿರುತ್ತದೆ, ಅಷ್ಟರಲ್ಲಿ ಅಲೆಗೆ ಎದುರಾಗಿ ಕೈ ಬೀಸಿದರೆ ಮದುವೆಯ ಗುರುತು ಮರಳಿಗೆ ಸೇರಿತು. ಇದೆಲ್ಲ ನಡೆಯುವುದು ಮೊಣಕಾಲಿಂದ ಎದೆಮಟ್ಟದ ನೀರಿನಲ್ಲಿ. 200 ಅಡಿ ಆಳದಲ್ಲಿ ಯಾರೂ ಚೆಂಡಾಟ ಆಡುವುದಿಲ್ಲ. ಪೂರ್ವಪಕ್ಷಿ ಬೇಕೆಂದೇ ಬೆರೆಸುವ ಇನ್ನೊಂದು ಗೊಂದಲವಿದೆ: ನೀರಿನ ಆಳ ಬೇರೆ, ಮರಳೊಳಗಿನ ಆಳ ಬೇರೆ. ಕಡಲಲ್ಲಿ 60 ಮೀಟರ್ ಇಳಿಯಬಲ್ಲ ಯಂತ್ರವೂ ಒಂದು ಉಂಗುರವನ್ನು ಮರಳಿನ ಕೆಳಗೆ ಗೇಣೆರಡು ಗೇಣಿನಲ್ಲಷ್ಟೇ ಕಂಡೀತು. ಚಿನ್ನ ನೀರಿಗಿಂತ 19 ಪಟ್ಟು ಭಾರ. ಮರಳು ಕದಡಿದಾಗಲೆಲ್ಲ ಇನ್ನಷ್ಟು ಇಳಿದು, ಗಟ್ಟಿ ಜೇಡಿಯೋ ಚಿಪ್ಪಿನ ಹಾಸೋ ಸಿಕ್ಕಲ್ಲಿ ನಿಲ್ಲುತ್ತದೆ.

ಹಾಗಾದರೆ ಶತ್ರು ಯಾರು? ಉಪ್ಪು. ಸಿದ್ಧಾಂತದ ತಿರುಳು ಇಷ್ಟೇ, ಆದರೂ ವಿಸ್ತರಿಸದಿದ್ದರೆ ಗ್ರಂಥವೆನಿಸಿಕೊಳ್ಳದು.

ಒಣ ಮರಳಿನಲ್ಲಿ ಯಾವ ಯಂತ್ರವಾದರೂ ನಡೆಯುತ್ತದೆ, ಮುನ್ನೂರು ಡಾಲರಿನದೂ ಸಾಕು. ಆಳದ ನೀರಿನಲ್ಲಿ ಸುತ್ತಲೂ ಒಂದೇ ಸಮನೆ ಉಪ್ಪು. ಯಂತ್ರ ಅದಕ್ಕೆ ಹೇಗೋ ಒಗ್ಗಿಕೊಳ್ಳುತ್ತದೆ. ಕಷ್ಟವೆಲ್ಲ ಇವೆರಡರ ನಡುವೆ, ಅಲೆ ಬಂದು ಹೋಗುವ ಒದ್ದೆ ಮರಳಿನಲ್ಲಿ. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುತ್ತದೆ, ಯಂತ್ರ ಹುಡುಕುವುದೂ ವಿದ್ಯುತ್ ಹರಿಯುವ ವಸ್ತುವನ್ನೇ. ಆದ್ದರಿಂದ ಅದರ ಕಿವಿಗೆ ಇಡೀ ಅಟ್ಲಾಂಟಿಕ್ ಒಂದು ದೊಡ್ಡ ಲೋಹದ ತುಂಡು. ಅಲೆ ಮೇಲೆ ಬಂದಾಗ ತಟ್ಟೆಯ ಮೇಲೂ ಕೆಳಗೂ ನೀರು, ಹಿಂದೆ ಸರಿದಾಗ ಬರೀ ಒದ್ದೆ. ಈ ಏರಿಳಿತದಲ್ಲಿ ಎಟಿ ಪ್ರೊನ 15 ಕಿಲೊಹರ್ಟ್ಸ್, ಸಿಂಪ್ಲೆಕ್ಸ್‌ನ 12 ಕಿಲೊಹರ್ಟ್ಸ್ ಹೀಗೆ ಒಂದೇ ಆವರ್ತನದಲ್ಲಿ ಹಾಡುವ ಏಕಸ್ವರ ಯಂತ್ರಗಳು ಇಲ್ಲದ ನಿಧಿಗೆ ಕಿರುಚತೊಡಗುತ್ತವೆ. ಸುಮ್ಮನಿರಿಸಲು ಸೂಕ್ಷ್ಮತೆ ತಗ್ಗಿಸಬೇಕು. ತಗ್ಗಿಸಿದರೆ ಉಪ್ಪಿನ ಜೊತೆ ಉಂಗುರವೂ ಮೌನವಾಗುತ್ತದೆ. ಮ್ಯಾಗ್ನೆಟೈಟ್ ಬೆರೆತ ಕರಿಮರಳು ಸಿಕ್ಕರಂತೂ ಏಕಸ್ವರದವನು ಮನೆಗೆ ಹೋಗುವುದೇ ಲೇಸು.

ಇದಕ್ಕೆ ಪರಿಹಾರವಾಗಿ ಹುಟ್ಟಿದ್ದು ಬಹುಸ್ವರ ಮತ್ತು ನಾಡಿ ಎಂಬ ಎರಡು ಸಂಪ್ರದಾಯಗಳು. ಬಹುಸ್ವರ ಯಂತ್ರ ಹಲವು ಆವರ್ತನಗಳನ್ನು ಒಟ್ಟಿಗೆ ಕಳಿಸುತ್ತದೆ. ಎಕ್ಸ್‌ಕ್ಯಾಲಿಬರ್ 1.5ರಿಂದ 25.5 ಕಿಲೊಹರ್ಟ್ಸ್ ನಡುವೆ 17 ಆವರ್ತನ ಬಳಸುತ್ತದೆಂದು ಅದರ ತಯಾರಕರ ಹೇಳಿಕೆ. ಫಿಶರ್ ಐದು ಮತ್ತು ಹದಿನೈದು ಎಂಬ ಎರಡರಲ್ಲೇ ತೃಪ್ತಿಪಡುತ್ತದೆ. ಬೀದಿಯ ಜಗಳವೊಂದನ್ನು ನಾಲ್ಕು ಮನೆಯವರ ಬಾಯಲ್ಲಿ ಕೇಳಿ, ಎಲ್ಲರೂ ಸೇರಿಸಿದ ಉಪ್ಪುಖಾರ ಕಳೆದು ನಡೆದದ್ದೇನೆಂದು ತಿಳಿಯುವ ಅಜ್ಜಿಯ ಹಾಗೆ, ಅದು ಆವರ್ತನಗಳನ್ನು ಒಂದಕ್ಕೊಂದು ತಾಳೆ ನೋಡಿ ಉಪ್ಪಿನ ಪಾಲನ್ನು ಕಳೆಯುತ್ತದೆ. ನಾಡಿಯಂತ್ರದ ದಾರಿಯೇ ಬೇರೆ. ಅದು ಒಮ್ಮೆ ಮಿಡಿದು ಸುಮ್ಮನಾಗಿ ಕಿವಿಗೊಡುತ್ತದೆ. ಆ ಮಿಡಿತಕ್ಕೆ ಎಲ್ಲೆಡೆ ಸುಳಿವಿದ್ಯುತ್ ಏಳುತ್ತದೆ. ಉಪ್ಪುನೀರಿನದು ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಸತ್ತುಹೋಗುತ್ತದೆ, ಲೋಹದ್ದು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಉಪ್ಪು ಸಾಯುವವರೆಗೆ ಕಾದು ಆಮೇಲೆ ಆಲಿಸುವುದೇ ಇದರ ಗುಟ್ಟು. ಕರಿಮರಳಿಗೂ ಇದು ಬಗ್ಗದು. ಕೊರತೆ ಒಂದೇ: ಇದಕ್ಕೆ ವಿವೇಚನೆ ಕಡಿಮೆ. ಸಮದರ್ಶಿ. ಚಿನ್ನದ ಉಂಗುರಕ್ಕೂ ತುಕ್ಕು ಹಿಡಿದ ಹೇರ್‌ಪಿನ್ನಿಗೂ ಅದೇ ಗೌರವ. ಗೀತೆಯಲ್ಲಿ ಇದು ದೊಡ್ಡ ಗುಣ. ಮಿಯಾಮಿಯ ದಂಡೆಯಲ್ಲಿ, ನಡು ಬಗ್ಗಿಸಿ ಅಗೆಯುವವನಿಗೆ, ಅಲ್ಲ.

ಹಾಗಾದರೆ ವಿವೇಚನೆ ಇರುವ ಬಹುಸ್ವರವೇ ಶ್ರೇಷ್ಠವೇ? ಬಹುಮಟ್ಟಿಗೆ ಹೌದು, ಆದರೆ ಆ ವಿವೇಚನೆಯನ್ನು ಪೂರ್ತಿ ನಂಬಿದವನು ಕೆಡುತ್ತಾನೆ. ಯಂತ್ರದ ಪರದೆಯಲ್ಲಿ ಮೂಡುವ ಅಂಕಿ ಲೋಹದ ಹೆಸರನ್ನು ಹೇಳುವುದಿಲ್ಲ. ವಸ್ತು ಎಷ್ಟು ವಿದ್ಯುತ್ ಹರಿಯಗೊಡುತ್ತದೆ, ಎಷ್ಟು ದೊಡ್ಡದು, ಯಾವ ಆಕಾರದ್ದು ಎಂಬುದೆಲ್ಲ ಕಲೆತು ಆದ ಅಂಕಿ ಅದು. ಈ ಲೆಕ್ಕದಲ್ಲಿ ಹದಿನಾಲ್ಕು ಕ್ಯಾರೆಟ್ಟಿನ ಸಣ್ಣ ಉಂಗುರವೂ, 1960ರ ದಶಕದಿಂದ ಅಮೆರಿಕನ್ನರು ಕಿತ್ತು ಬಿಸಾಡಿದ ಬಿಯರ್ ಕ್ಯಾನಿನ ಅಲ್ಯೂಮಿನಿಯಂ ಕಿವಿಯೂ ಪಕ್ಕಪಕ್ಕದ ಮನೆಯವರು. ಕ್ಯಾನಿನ ಕಿವಿ ಬೇಡವೆಂದು ಆ ಅಂಕಿಗಳನ್ನು ಮುಚ್ಚಿಸಿದವನು ಬೆನ್ನುನೋವಿನಿಂದ ಪಾರಾಗುತ್ತಾನೆ, ಬಂಗಾರದಿಂದಲೂ ಪಾರಾಗುತ್ತಾನೆ. ನಮ್ಮ ಕಡೆಯ 916 ಮುದ್ರೆಯ ಬಂಗಾರದಲ್ಲಿ ಬೆರಕೆ ಕಡಿಮೆಯಾದ್ದರಿಂದ ಅದು ಅಷ್ಟೇ ಗಾತ್ರದ ಅಮೆರಿಕದ ಉಂಗುರಕ್ಕಿಂತ ಮೇಲಿನ ಅಂಕಿಯಲ್ಲಿ ಕೂಗುತ್ತದೆ. ಸರದ ವಿಷಯ ಬಂದಾಗ ಮಾತ್ರ ಈ ಹೆಚ್ಚುಗಾರಿಕೆ ನಡೆಯದು. ಎಳೆಎಳೆಯಾದ ಸರವನ್ನು ಯಂತ್ರ ಒಂದು ವಸ್ತುವೆಂದು ಕಾಣುವುದಿಲ್ಲ. ಪ್ರತಿ ಕೊಂಡಿಯನ್ನೂ ಬೇರೆಬೇರೆಯಾಗಿ ನೋಡುತ್ತದೆ, ಒಂದೊಂದೂ ಕಣ್ಣಿಗೆ ಬೀಳದಷ್ಟು ಸಣ್ಣದು. ಅಲೆ ಎಳೆದುಕೊಂಡ ಸಣ್ಣ ಎಳೆಯ ಚಿನ್ನದ ಸರದ ಮೇಲೆಯೇ ತಟ್ಟೆ ಆಡಿಸಿಕೊಂಡು ಹೋದರೂ ಕೇಳಿಸಿದರೆ ಕೇಳಿಸುವುದು ಕೊರಳ ಹಿಂದಿನ ಕೊಕ್ಕೆಯೊಂದೇ.

ಕೂಗುವ ಕಸದಲ್ಲೂ ತಾರತಮ್ಯವಿದೆ. ಬಾಟಲಿಯ ತಗಡು ಮುಚ್ಚಳ ಕಬ್ಬಿಣವಾದರೂ ನಾಣ್ಯದಂತೆ ನಟಿಸುತ್ತದೆ. ಗಾಳದ ಸೀಸದ ಗುಂಡು ನಟಿಸುವುದೇ ಇಲ್ಲ. ಅದರ ದನಿ ನಿಜವಾಗಿಯೂ ಚೆನ್ನಾಗಿದೆ. 1982ರಿಂದೀಚೆಗಿನ ಅಮೆರಿಕದ ಸೆಂಟ್ ನಾಣ್ಯ ತಾಮ್ರದ ಮುಸುಕು ಹಾಕಿದ ಸತುವು. ಉಪ್ಪು ಅದನ್ನು ಅಂಚಿನಿಂದ ತಿಂದು ಬಿಸ್ಕತ್ತು ಮಾಡಿರುತ್ತದೆ. ಹಳೆಯ ಸ್ಪೇನಿನ ಬೆಳ್ಳಿ ಸಿಕ್ಕರೆ ಅದು ಬೆಳ್ಳಿಯಂತೆ ಕಾಣದು, ಕರ್ರಗಿನ ಚಪ್ಪಟೆ ಕಲ್ಲಿನ ಹಾಗಿರುತ್ತದೆ. ಪಾಷಾಣವೆಂದು ಕಡಲಿಗೆ ಎಸೆಯುವ ಮುನ್ನ ಎರಡು ಸಲ ನೋಡುವುದು ಶಾಸ್ತ್ರವಿಹಿತ.

ನಿಜವಾದ ಹಡಗು ಹುಡುಕುವವರು ಈ ಯಾವ ಜಾತಿಯನ್ನೂ ನಂಬಿ ಹೊರಡುವುದಿಲ್ಲ ಎಂಬುದು ಒಂದು ತಮಾಷೆ. 1622ರಲ್ಲಿ ಮುಳುಗಿದ ಆಟೋಚಾ ಹಡಗಿನ ಮುಖ್ಯ ರಾಶಿಯನ್ನು 1985ರ ಜುಲೈ 20ರಂದು ಕಂಡುಕೊಂಡ ಮೆಲ್ ಫಿಶರ್ ತಂಡ ವರ್ಷಗಟ್ಟಲೆ ದೋಣಿಯ ಹಿಂದೆ ಎಳೆದದ್ದು ಮ್ಯಾಗ್ನೆಟೊಮೀಟರನ್ನು. ಅದಕ್ಕೆ ಚಿನ್ನದ ಗಂಧವಿಲ್ಲ, ಕಬ್ಬಿಣವೊಂದೇ ಗೊತ್ತು. ಲಂಗರು, ಮೊಳೆಗಳಂಥ ಕಬ್ಬಿಣದ ಜಾಡು ಹಿಡಿದು ಬಂಗಾರ ಸೇರುವುದು ಅವರ ಪದ್ಧತಿ. ದಂಡೆಯವನು ಕಬ್ಬಿಣ ಕೇಳಿದೊಡನೆ ಮುಖ ತಿರುಗಿಸುತ್ತಾನೆ, ಹಡಗಿನವನು ಅದನ್ನು ಕೇಳಿ ಕುಣಿಯುತ್ತಾನೆ.

ಅಂಗಾಂಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲೆಯಲ್ಲಿ ದೊಡ್ಡ ತಟ್ಟೆ ಕೈ ಸೋಲಿಸುತ್ತದೆ, ಹತ್ತು ಹನ್ನೊಂದು ಇಂಚು ಸಾಕು. ತೇಲುವ ತಟ್ಟೆ ಮುಳುಗುವ ತಟ್ಟೆಗಿಂತ ದೊಡ್ಡ ಪೀಡೆ. ರೇಡಿಯೊ ಅಲೆ ನೀರಲ್ಲಿ ನಡೆಯದ್ದರಿಂದ ತಂತಿಯಿಲ್ಲದ ಹೆಡ್‌ಫೋನ್ ಮುಳುಗಿದ ಕೂಡಲೇ ಮೂಕ. ಡ್ಯೂಸ್ ಯಂತ್ರಕ್ಕೂ ನೀರಿಗಿಳಿದಾಗ ತಟ್ಟೆಯಿಂದ ಪೆಟ್ಟಿಗೆಗೆ ಆಂಟೆನಾ ತಂತಿ ಕಟ್ಟಬೇಕು. ತೂತಿನ ಸಲಿಕೆ ಸ್ಟೇನ್‌ಲೆಸ್ ಸ್ಟೀಲಿನದಿರಲಿ. ಇವೆಲ್ಲಕ್ಕಿಂತ ಮುಖ್ಯವಾದದ್ದು ಬ್ಯಾಟರಿ ಮುಚ್ಚಳದ ರಬ್ಬರ್ ಬಳೆ, ಓ-ರಿಂಗ್. ಮುಚ್ಚುವ ಮುನ್ನ ಬೆಳಕಿಗೆ ಹಿಡಿದು, ಬೆರಳ ತುದಿಯಿಂದ ಸುತ್ತ ಸವರಿ, ಸಿಲಿಕಾನ್ ಗ್ರೀಸನ್ನು ಹೊಳೆಯುವಷ್ಟೇ ಹಚ್ಚಬೇಕು. ಅಲ್ಲಿ ಅಡ್ಡ ಬಿದ್ದ ಒಂದು ಕೂದಲು, ಒಂದು ಮರಳಿನ ಕಣ ಸಾಕು: ಸಾವಿರ ಡಾಲರ್ ದಾಟಿದ ಪೂರ್ಣಮಗ್ನವೂ ಮೊಣಕಾಲ ನೀರಲ್ಲಿ ಪ್ರಾಣ ಬಿಡುತ್ತದೆ. ಕೊಳ್ಳುವವರಿಗೆ ನನ್ನ ಮತ: ಮೂರರಿಂದ ಐದು ಮೀಟರಿನ ಬಹುಸ್ವರ ಕಂಠಸ್ನಾಯಿ. ಮುಳುಗುವ ವಿದ್ಯೆ ಮೊದಲೇ ಕಲಿತವರಿಗೆ ಮಾತ್ರ ಪೂರ್ಣಮಗ್ನ. ಕರಿಮರಳ ದಂಡೆಯವರಿಗೆ ನಾಡಿ. ಏಕಸ್ವರದ ಕಂಠಸ್ನಾಯಿ ಕೆರೆ ಹೊಳೆಗಳಿಗೆ ಒಳ್ಳೆಯದು.

ಸಿಕ್ಕದ್ದು ಯಾರದು ಎಂಬ ಪ್ರಶ್ನೆ ಉಳಿಯಿತು. ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಇದಕ್ಕೆ ವಿಧಿಯಿದೆ: ನಿಧಿ ಸಿಕ್ಕಿದ್ದನ್ನು ಅರಸನಿಗೆ ತಿಳಿಸದೆ ಮುಚ್ಚಿಟ್ಟವನು ನಿಧಿಯನ್ನೂ ಕೊಡಬೇಕು, ದಂಡವನ್ನೂ ತೆರಬೇಕು. 1878ರ ಭಾರತೀಯ ಕಾಯ್ದೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕೆಂದಿತು. ಬಂಗಾರದ ಈಗಿನ ದರದಲ್ಲಿ ಹತ್ತು ರೂಪಾಯಿಯದು ಯಾವ ಯಂತ್ರಕ್ಕೂ ಕೇಳಿಸದು. ಫ್ಲಾರಿಡಾದ ಧರ್ಮಸೂಕ್ಷ್ಮ ಇನ್ನೂ ಬೇರೆ. ಅಲ್ಲಿ ಸರ್ಕಾರದ ಒಡೆತನದ ಕಡಲ ತಳದಲ್ಲಿರುವ ಚಾರಿತ್ರಿಕ ವಸ್ತು ಸರ್ಕಾರದ್ದು. 1715ರ ಹಡಗುಗಳನ್ನು ಎತ್ತುವ ಹಕ್ಕು ನ್ಯಾಯಾಲಯದ ಮೂಲಕ ಪಡೆದವರು ಬೇರೆ ಇದ್ದಾರೆ, ಅವರೂ ಶೇ. 20ರ ವರೆಗೆ ರಾಜ್ಯದ ಪಾಲು ಬಿಟ್ಟುಕೊಡಬೇಕು. ಉಳಿದವರು ಆ ತೀರದ ಸಾರ್ವಜನಿಕ ಮರಳಿನಲ್ಲಿ ಹುಡುಕಬಹುದು, ಹಡಗುಗಳ ಆ ನೀರಿಗಿಳಿದು ಹುಡುಕುವಂತಿಲ್ಲ. ಹೀಗಾಗಿ ಜಗತ್ತಿನಲ್ಲೇ ಹೆಸರಾದ ನಿಧಿ ಕರಾವಳಿಯಲ್ಲಿ 200 ಅಡಿಯ ಪೂರ್ಣಮಗ್ನ ಯಂತ್ರದ ಒಡೆಯ ದಂಡೆಯ ಮೇಲೆ ಅತ್ತಿತ್ತ ನಡೆಯುತ್ತಿರುತ್ತಾನೆ, ಸಂಜೆ ಮನೆಗೆ ಬಂದು ಮರಳು ಹೋಗಲೆಂದು ಅದನ್ನು ನಲ್ಲಿಯಡಿ ಹಿಡಿದಾಗ ಅದರ ಜಲನಿರೋಧಕ ಗುಣ ಮೊದಲ ಬಾರಿಗೆ ಉಪಯೋಗಕ್ಕೆ ಬರುತ್ತದೆ.