ನೆಲಕ್ಕಿಳಿದ ನಕ್ಷತ್ರ
ಮಹಾಗಾಯಕರ ಸ್ಮಾರಕವೆಂದೊಡನೆ ಅಮೃತಶಿಲೆಯ ಮಂಟಪವನ್ನೋ ರಾಜಬೀದಿಯ ಕಂಚಿನ ಪ್ರತಿಮೆಯನ್ನೋ ನಿರೀಕ್ಷಿಸುವ ರಸಿಕರಿಗೆ, ಲಂಡನ್ನಿನ ಪಶ್ಚಿಮದಂಚಿನಲ್ಲಿರುವ ಫೆಲ್ತಂ ಎಂಬ ಉಪನಗರವು ಕೊಂಚ ನಿರಾಶೆಯನ್ನೇ ಉಂಟುಮಾಡೀತು. ಜಾಂಜಿಬಾರಿನಲ್ಲಿ ಜನಿಸಿ, ನಮ್ಮ ಪಂಚಗಣಿಯ ಶಾಲೆಯಲ್ಲಿ ವ್ಯಾಸಂಗ ಮಾಡಿ, 1964ರಲ್ಲಿ ತಂದೆತಾಯಿಗಳೊಡನೆ ಇಂಗ್ಲೆಂಡಿಗೆ ಬಂದು ಇಲ್ಲಿ ನೆಲೆಸಿ, ನೆರೆಯ ಹೀತ್ರೂ ವಿಮಾನನಿಲ್ದಾಣದಲ್ಲಿ ಕೆಲಕಾಲ ದುಡಿದ ಫರೋಖ್ ಬುಲ್ಸಾರಾ ಎಂಬ ಪಾರ್ಸಿ ತರುಣನೇ ಮುಂದೆ ಫ್ರೆಡ್ಡಿ ಮರ್ಕ್ಯುರಿಯಾಗಿ ಜಗತ್ತನ್ನು ಕುಣಿಸಿದವನಷ್ಟೆ; ಆತನ ಗೌರವಾರ್ಥವಾಗಿ 2009ರಲ್ಲಿ ಆರಿಸಲ್ಪಟ್ಟ ಪುಣ್ಯಕ್ಷೇತ್ರವಾವುದೆಂದರೆ, ಜನರು ಚೀಲ ಹಿಡಿದು ಓಡಾಡುವ ಅಂಗಡಿಸಂಕೀರ್ಣದ ನೆಲ! ಹಾಲಿವುಡ್ ಮಾದರಿಯ ನಕ್ಷತ್ರಫಲಕವೊಂದನ್ನು ಅಲ್ಲಿ ಹುದುಗಿಸಿ, ವಾದ್ಯವೃಂದದ ಸಂಗಡಿಗ ಬ್ರಯಾನ್ ಮೇ ಹಾಗೂ ವೃದ್ಧಮಾತೆ ಜೆರ್ ಬುಲ್ಸಾರಾ ಅವರಿಂದ ಅನಾವರಣಗೊಳಿಸಿದರು. ಆಕಾಶದಲ್ಲಿರಬೇಕಾದುದು ಇಂಗ್ಲೆಂಡಿನ ಮಳೆಗೆ ಮೈಯೊಡ್ಡಿ ನೆಲದಲ್ಲಿ ಮಲಗಿದರೆ ಸುಖವುಂಟೆ? ಕೆಲವೇ ವರ್ಷಗಳಲ್ಲಿ ಅದು ಜೀರ್ಣವಾಗಿ, ಕಿತ್ತುಹಾಕಲ್ಪಟ್ಟು, ಬಹುಕಾಲದ ಮೇಲೆ ಹೈಸ್ಟ್ರೀಟಿನಲ್ಲಿ ಪುನರ್ಜನ್ಮ ಪಡೆಯಿತು. ನಡುವೆ, 2016ರಲ್ಲಿ, ಗ್ಲ್ಯಾಡ್‌ಸ್ಟನ್ ಅವೆನ್ಯೂವಿನ ಆತನ ಹಳೆಯ ಮನೆಗೂ, ಗಣ್ಯರು ಬಾಳಿದ ಮನೆಗಳನ್ನು ಗುರುತಿಸುವ ನೀಲಿ ಫಲಕದ ಯೋಗ ಬಂದಿತು. ಫಲಕವು ಗೋಡೆಯ ಮೇಲಿರುವುದರಿಂದ ತುಳಿತದ ಭಯವಿಲ್ಲ. ಭಯವೇನಿದ್ದರೂ ಹಾಲಿನ ಬಾಟಲಿಗೆಂದು ನಿದ್ದೆಗಣ್ಣಿನಲ್ಲಿ ಬಾಗಿಲು ತೆರೆದು, ಛಾಯಾಚಿತ್ರ ತೆಗೆಯುವ ಭಕ್ತರಿಗೆ ಹಠಾತ್ತನೆ ದರ್ಶನವೀಯಬೇಕಾದ ಮನೆಯವರಿಗೇ ಇರಬೇಕು.