ದರಪಟ್ಟಿಯಲ್ಲಿ ಬೆಲ್ಲ ಇಲ್ಲ

(ಮೈಸೂರಿನ ಒಂದು ಕಚೇರಿ. ಕಡತ ಕಟ್ಟಡಕ್ಕಿಂತ ಹಳೆಯದು.)

ಸಾಹೇಬರು: ಆ ಕುರ್ಚಿ ಬೇಡ ಮೇಡಂ, ಮೇಲಿಂದ ಗಾರೆ ಉದುರುತ್ತೆ. ಪಾರಂಪರಿಕ ಕಟ್ಟಡದ ದುರಸ್ತಿಗೆ ಬಂದಿದ್ದೀರಿ. ಫ್ಲೈಓವರ್ ಕಟ್ಟಿದ ಅನುಭವ ಇದೆಯಾ?

ಆರ್ಕಿಟೆಕ್ಟ್: ಫ್ಲೈಓವರ್ ಯಾಕೆ ಸಾರ್?

ಸಾಹೇಬರು: ಟೆಂಡರ್‌ನಲ್ಲಿದೆ.

ಆರ್ಕಿಟೆಕ್ಟ್: ಇದು ಸುಣ್ಣದ ಗಾರೆಯ ಗೋಡೆ. ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತೆ. ಸುಣ್ಣ ಕೊಳೆಹಾಕಿ, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸಿ ಅರೆಯಬೇಕು.

ಸಾಹೇಬರು: ಬೆಲ್ಲವಾ? ದರಪಟ್ಟಿಯಲ್ಲಿ ಇಲ್ಲವಲ್ಲ! ಕಜ್ಜಾಯ ಮಾಡಿದ್ರಾ ಅಂತಾರೆ ಆಡಿಟ್‌ನವರು.

ಆರ್ಕಿಟೆಕ್ಟ್: ಮೊದಲು ಕಟ್ಟಡದ ತಪಾಸಣೆ ಆಗಲಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು, ಅದೂ ದುರಸ್ತಿ ನಡೀತಿದ್ದಾಗಲೇ.

ಸಾಹೇಬರು: ದುರಸ್ತಿ ಎಷ್ಟು ಅಪಾಯ ಅಂತ ನೀವೇ ಹೇಳಿದ್ರಿ! ಕೆಡವಿ, ಥೇಟ್ ಅದೇ ಥರ ಹೊಸದು ಕಟ್ಟೋಣ. ಪಾರಂಪರಿಕವೇ ಇರುತ್ತೆ.



ಆರ್ಕಿಟೆಕ್ಟ್: ಹಾಗಾದರೆ ನಾನು ಯಾಕೆ?

ಸಾಹೇಬರು: ಸಹಿಗೆ. ಅದಕ್ಕೂ ನಿಮ್ಮ ಅರ್ಧ ದರಕ್ಕೆ ಇನ್ನೊಬ್ಬರು ಒಪ್ಪಿದ್ದಾರೆ.

ಆರ್ಕಿಟೆಕ್ಟ್: ಅವರು ಕಟ್ಟಡ ನೋಡಿದ್ದಾರಾ?

ಸಾಹೇಬರು: ಫೋಟೋ ನೋಡಿದ್ದಾರೆ. ದಸರಾ ದೀಪಾಲಂಕಾರದ್ದು. ಬಿರುಕು ಒಂದೂ ಕಾಣ್ಲಿಲ್ಲವಂತೆ.